ಆರು ಮೊಹರು, ಮುಂಗಡ ಎರಡು ರೂಪಾಯಿ

ರಾಜ್ಯ ಬಂದದ್ದು ಹೇಗೆಂದು ಕೇಳಿದರೆ
ನಾನು ಒಂದು ಚೀಟಿಯ ಕತೆ ಹೇಳುತ್ತೇನೆ.
ತಾಲೂಕು ಕಚೇರಿಯ ಜವಾನ ಅಂಬುವಿನ ಕಿಸೆಯಲ್ಲಿ
ಬೆವರಿಗೆ ಒದ್ದೆಯಾಗಿ ಬಂತು ಅದು:
ಆರು ಮೊಹರು. ನಾಲ್ಕು ಇಂಗ್ಲಿಷು, ಎರಡು ಮಲೆಯಾಳ.
ಹಳೆಯವನ್ನು ಅಡ್ಡ ಗೀರಿ ಒಪ್ಪಿಸತಕ್ಕದ್ದು.
ಮುಂಗಡ ಎರಡು ರೂಪಾಯಿ.

ಐವತ್ತಾರರ ಅಕ್ಟೋಬರು. ಕಾಸರಗೋಡು ಪೇಟೆಯಲ್ಲಿ
ಮಳೆ ಹಿಂದೆ ಸರಿದು ಬೂತಾಯಿ ಅಗ್ಗವಾಗಿದ್ದ ವಾರ.
ಅಪ್ಪ, ಪೂವಪ್ಪ ಆಚಾರಿ, ಕನ್ನಡಕ ಹಣೆಗೇರಿಸಿ
ಚೀಟಿಯನ್ನು ಕನ್ನಡಿಗೆ ಹಿಡಿದು ಓದಿದ.
ಅವನು ಎಲ್ಲವನ್ನೂ ಹಾಗೆಯೇ ಓದುತ್ತಿದ್ದದ್ದು.
ಮೊಹರಿನವನಿಗೆ ನೇರ ಬರೆದದ್ದೆಂದರೆ
ಇನ್ನೂ ಶುರುವಾಗದ ಕೆಲಸ.

ಅದೇ ಮೇಜಿನ ಮೇಲೆ, ಅರದ ಪಕ್ಕ,
ಸಮಿತಿಯವರ ಮೊಹರೂ ಇತ್ತು, ದುಂಡಗೆ,
ಹಿಂದಿನ ರಾತ್ರಿ ಸಾಲಕ್ಕೆ ಕೊರೆದದ್ದು.
ಈ ಆರಕ್ಕೂ ಅದಕ್ಕೂ ಒಂದೇ ರಬ್ಬರು ಹಾಳೆ.
"ನೀವು ಯಾವ ಕಡೆ ಆಚಾರ್ರೆ?" ಗುರುವ ಮಾಸ್ತರು ಕೇಳಿದರು.
"ಅಕ್ಷರದ ಹಿಂದಿನ ಕಡೆ," ಎಂದ ಅಪ್ಪ.
ಮಾಸ್ತರು ನಗಲಿಲ್ಲ.

ಮೆರವಣಿಗೆ ಹೋಯಿತು. ಅಂಗಡಿ ಮುಚ್ಚಿದವು.
ಲಾಕಪ್ಪಿಗೆ ಹೋದ ಹುಡುಗರು ಗಡ್ಡ ಬಿಟ್ಟು ಬಂದರು.
ಮನವಿಗೆ ಎಷ್ಟೋ ಸಾವಿರ ರುಜು ಬಿತ್ತು,
ಹೆಬ್ಬೆಟ್ಟು ಬೇರೆ, ಬುಡದಲ್ಲಿ ಸಮಿತಿಯ ದುಂಡು ಮೊಹರು.
ಕಚೇರಿಯವರು ಬಹಳ ಮರ್ಯಾದೆಯಿಂದ ತೆಗೆದುಕೊಂಡು
ಅದರ ತಲೆಯ ಮೇಲೆ ಒತ್ತಿದರು:
ರಿಸೀವ್ಡ್, ತಾರೀಕು ಸಮೇತ.
ಅದೂ ಅಪ್ಪನ ಕೈಯದೇ.
ಟಪ್ಪೆಂದು ಒಂದು ಸಲ.
ಆಮೇಲೆ ಕಡತ ಕಟ್ಟುವ ದಾರ.

ಶಾನುಭೋಗರು ಹೋದರು, ವಿಲ್ಲೇಜ್ ಆಫೀಸರು ಬಂದರು.
ಗದ್ದೆ ಅಲ್ಲೇ ಇತ್ತು, ಬದುವಿನ ಏಡಿ ಅಲ್ಲೇ ಇತ್ತು.
ಬಟ್ಯಪ್ಪ ಗಟ್ಟಿಯ ಮೂಲಗೇಣಿ ಕಾಗದ ಮಾತ್ರ
ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗಿ
ಬೇರೆ ಭಾಷೆ ಕಲಿತು ಮನೆಗೆ ಬಂತು.
"ನನ್ನ ಹಿತ್ತಲು ಎಂತ ಹೇಳುತ್ತದೆ, ಓದು ಮಗಾ" ಎಂದು
ನನ್ನ ಮುಂದೆ ಹಿಡಿದ. ನನಗೆ ಒಂಬತ್ತು ವರ್ಷ.
ನಾನು ಅಕ್ಷರಗಳ ಹೊಟ್ಟೆ ಎಣಿಸಿದೆ.

ಒಂದೇ ಒಂದು ಮೊಹರಿನಲ್ಲಿ ಅಪ್ಪ ಎಡವಿದ್ದ.
ಪಿೞ. ಎರಡೇ ಅಕ್ಷರ, ದಂಡ ಕಟ್ಟಿಸಿಕೊಂಡರೆ ಒತ್ತುವಂಥದ್ದು.
ಆ ಎರಡನೆಯದು ನಮ್ಮಲ್ಲಿ ಸತ್ತು ಶತಮಾನಗಳಾದವು,
ಹಳಗನ್ನಡದ ತಾಳೆಗರಿಯಲ್ಲಿ ಮಲಗಿದೆ,
ಅವರ ನಾಲಗೆಯಲ್ಲಿ ಇನ್ನೂ ಹೊರಳುತ್ತದೆ.
ಅದನ್ನು ಅಪ್ಪ ತಿರುಗಿಸದೆ, ನೇರವೇ ಕೊರೆದುಬಿಟ್ಟ.
ಕಾಗದದ ಮೇಲೆ ಅದು ನಮಗೆ ಬೆನ್ನು ಹಾಕಿ ಕೂತಿತು.
ವಕೀಲರ ಗುಮಾಸ್ತ ಚಾತುಕುಟ್ಟಿ ತೋರಿಸಿಕೊಟ್ಟ:
"ಪಿೞ ಹೇಳಿದ್ರೆ ದಂಡ, ಆಚಾರ್ರೆ.
ತಪ್ಪು ಹೇಳುವುದಕ್ಕೂ ಅದೇ ಶಬ್ದ."
ಇಬ್ಬರೂ ಬಹಳ ಹೊತ್ತು ನಕ್ಕರು.

ಆಮೇಲೆ ಅಪ್ಪ ಕಾದ, ಕಚೇರಿಯಿಂದ ಕರೆ ಬರುತ್ತದೆಂದು.
ಮೂರು ದಿನ. ಮೂರು ತಿಂಗಳು. ಹನ್ನೊಂದು ವರ್ಷ.
ತೀರ್ವೆ ತಡಮಾಡಿದವರು,
ಪರಂಬೋಕಿನಲ್ಲಿ ಸೌದೆ ಕಡಿದ ಹೆಂಗಸರು,
ಎಮ್ಮೆ ಬಿಡಿಸಿಕೊಳ್ಳಲು ದೊಡ್ಡಿಗೆ ಹೋದವರು,
ಎಲ್ಲರ ರಸೀದಿಯಲ್ಲೂ ಬೆನ್ನು ಹಾಕಿದ ಆ ಅಕ್ಷರ.
ಆಳುವವರು ಓದದೆ ಒತ್ತಿದರು.
ನಾವೂ ಓದಲಿಲ್ಲ, ದುಡ್ಡು ಎಣಿಸಿ ಕೊಟ್ಟೆವು.
ನೆಲ ಒಂದು ಕೈಯಿಂದ ಇನ್ನೊಂದಕ್ಕೆ ದಾಟುವುದಕ್ಕೆ
ಅಷ್ಟು ಸಾಕಾಗುತ್ತದೆ ಎಂದು
ನನಗೆ ಆಗ ಗೊತ್ತಿರಲಿಲ್ಲ.

ಬೇಕೆಂದೇ ಮಾಡಿದ್ದಾ ಅಪ್ಪ, ಎಂದು ಒಮ್ಮೆ ಕೇಳಿದೆ,
ಅವನ ಕಣ್ಣಿಗೆ ಪೊರೆ ಬಂದ ಮೇಲೆ.
"ಹೊತ್ತಾಗಿತ್ತು," ಎಂದ. "ಚಿಮಿಣಿಯಲ್ಲಿ ಎಣ್ಣೆ ಇರಲಿಲ್ಲ."

ಚೀಟಿ ನನ್ನ ಹತ್ತಿರ ಉಂಟು.
ಅದರ ಹಿಂಬದಿಯಲ್ಲಿ ಪೆನ್ಸಿಲಿನ ಒಂದು ಸಾಲು:
ಬಾಕಿ ನಾಲ್ಕೂವರೆ ರೂಪಾಯಿ, ಬರಬೇಕು.
ಉಲ್ಟಾ ಬರೆದಿದ್ದಾನೆ.
ಓದಬೇಕಾದರೆ ಕನ್ನಡಿಗೆ ಹಿಡಿಯಬೇಕು.